ಶನಿವಾರದೊಳಗೆ ನಮ್ಮ ಉಣ್ಣೆಚಪ್ಪಲಿ ಹೊರಗೆ ಬರಲಿ

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಮ್ಮ ಉಣ್ಣೆಚಪ್ಪಲಿಗಳನ್ನು ವಾಪಸ್ ಕೊಡಿ. ಬರುವ ಶನಿವಾರ ತಮ್ಮ ಸಂಗ್ರಹಾಲಯವಿರುವ ಅರಮನೆಯ ಕನ್ನಡಿ ಸಭಾಂಗಣದಲ್ಲಿ ನನ್ನ ಮದುವೆ. ಹೌದು, ನನ್ನದೇ, ಮೊಮ್ಮಗಳದ್ದಲ್ಲ. ಅರವತ್ತು ದಾಟಿದವಳಿಗೆ ಮದುವೆಯೇ ಎಂದು ಹುಬ್ಬೇರಿಸುವ ಕೆಲಸವನ್ನು ಊರು ಆಗಲೇ ಮಾಡಿ ಮುಗಿಸಿದೆ, ತಾವು ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಬಾಗಿಲಲ್ಲಿ ಬುಟ್ಟಿಯಿಂದ ಉಣ್ಣೆಚಪ್ಪಲಿ ಆರಿಸಿ, ಬೂಟಿನ ಮೇಲೆಯೇ ತೊಟ್ಟು, ಕಾಲೆತ್ತದೆ ಜಾರಿಕೊಂಡು ಹೋಗುವುದನ್ನು ನಾವು ಇಲ್ಲಿ ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತೇವೆ. ಅರಮನೆಯ ಮರದ ನೆಲ ಹೊಳೆಯುವುದು ಹಾಗೆಯೇ. ಟಿಕೆಟ್ಟಿಗೆ ದುಡ್ಡು ತೆತ್ತು ಪರರ ನೆಲ ಒರೆಸಿ ಹೋಗುವ ಇಂಥ ಸಜ್ಜನ ಪ್ರಜೆಗಳು ಬೇರೆ ಯಾವ ಅಧಿಕಾರಿಗೆ ಸಿಕ್ಕಾರು? ತಾವು ಬಂದು ಮೂರು ತಿಂಗಳಾಗಿಲ್ಲ, "ನೈರ್ಮಲ್ಯದ ಹಿತದೃಷ್ಟಿಯಿಂದ" ಅವುಗಳನ್ನು ರದ್ದು ಮಾಡಿದಿರಿ. ನುಸಿ ತಿಂದ ಕಿವಿಯ, ಹುಲ್ಲು ತುಂಬಿ ನಿಲ್ಲಿಸಿದ ಕರಡಿ, ಭರಣಿಯಲ್ಲಿ ತೇಲುವ ಎರಡು ತಲೆಯ ಕರು, ಇವೆಲ್ಲ ನೈರ್ಮಲ್ಯದ ಪರೀಕ್ಷೆಯಲ್ಲಿ ಪಾಸಾದವು. ಫೇಲಾದದ್ದು ಚಪ್ಪಲಿ ಮಾತ್ರ!

ನನ್ನ ಮದುಮಗ ಬೊಹುಮೀರ್ ನಿವೃತ್ತ ರೈಲು ಚಾಲಕರು. ಅವರ ಬಲಮೊಣಕಾಲು ಮಡಚುವುದಿಲ್ಲ. ಬೀದಿಯಲ್ಲಿ ಕೋಲು ಬೇಕು, ಉಣ್ಣೆಚಪ್ಪಲಿ ತೊಟ್ಟರೆ ಮಾತ್ರ ಅವರನ್ನು ಹಿಡಿಯಲಾಗದು. ಹೋದ ಚಳಿಗಾಲ ತಮ್ಮ ವಿಜ್ಞಾನ ವಿಭಾಗದಲ್ಲಿ ನಾನು ಲೋಲಕ ನೋಡುತ್ತ ನಿಂತಿದ್ದಾಗ ಹಿಂದಿನಿಂದ ಜಾರಿ ಬಂದು ಡಿಕ್ಕಿ ಹೊಡೆದರು.

"ಕ್ಷಮಿಸೀಮ್ಮ, ಬ್ರೇಕು ಹಿಡೀಲಿಲ್ಲ."

"ರೈಲು ಓಡಿಸ್ತೀರೇನು?"

"ಓಡಿಸ್ತಿದ್ದೆ. ಒಂದು ದಿನಾನೂ ಸ್ಟೇಷನ್ ದಾಟಿ ಹೋದವನಲ್ಲ. ಇವತ್ತು ಕರಡಿ ಹತ್ರ ನಿಲ್ಲಬೇಕಿತ್ತು, ನಿಮ್ಮ ಹತ್ರ ಬಂದ್ಬಿಟ್ಟೆ."

ಇಂಥವರನ್ನು ಹೇಗೆ ಬಿಡಲಿ, ಹೇಳಿ?

ಮದುವೆಯ ಸಂಜೆ ವಧೂವರರು ಕುಣಿಯಬೇಕಲ್ಲ, ಆ ಕುಣಿತದ ಅಭ್ಯಾಸಕ್ಕೆಂದು ಹೋದ ವಾರ ಬಂದೆವು. ಕಾವಲಿನ ವ್ಲಾಸ್ತಾ ಬುಟ್ಟಿಯ ಬದಲು ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಕೈಗಿಟ್ಟಳು.

"ಇದೇನೇ ವ್ಲಾಸ್ತಾ, ಆಪರೇಷನ್ನಿಗೆ ಬಂದ್ವಾ?"

"ನನ್ನನ್ಯಾಕೆ ಕೇಳ್ತೀರಿ, ಮೇಲಿನ ಆರ್ಡರು. ಚಪ್ಪಲಿಯೆಲ್ಲ ನೆಲಮಾಳಿಗೆಗೆ ಹಾಕಿ ಬೀಗ ಜಡಿಸಿದಾರೆ."

ಬೊಹುಮೀರ್ ಒಂದೇ ಸುತ್ತು ಪ್ರಯತ್ನಿಸಿದರು. ಚೀಲ ಹರಿಯಿತು, ರಬ್ಬರಿನ ಅಟ್ಟೆ ನೆಲಕ್ಕೆ ಕಚ್ಚಿಕೊಂಡಿತು, ಮೊಣಕಾಲು ತಿರುಗಲಿಲ್ಲ. ಯಾರೂ ಕೂರಬಾರದ ರಾಣಿಯ ಕುರ್ಚಿಯಲ್ಲಿ ಕೂತುಬಿಟ್ಟರು. ಅದಕ್ಕೆ ದಂಡ ಹಾಕುವುದಾದರೆ ಹಾಕಿ.

"ಲಿಬುಶೆ, ನೀನು ನಿನ್ನ ತಮ್ಮನ ಜೊತೆ ಕುಣಿ. ನಾನು ಇಲ್ಲೇ ಕೂತು ಚಪ್ಪಾಳೆ ತಟ್ತೀನಿ."

"ಚಪ್ಪಾಳೆ ತಟ್ಟೋಕೆ ಇಡೀ ಊರೇ ಇದೆ. ನನಗೆ ಕುಣಿಯೋ ಗಂಡ ಬೇಕು," ಎಂದು ರೇಗಿದೆ. ಅವರು ನಕ್ಕರು, ಕುರ್ಚಿಯಿಂದ ಮಾತ್ರ ಏಳಲಿಲ್ಲ.

ಅಂದಿನಿಂದ ಅವರು ನನ್ನ ಅಡುಗೆಮನೆಯಲ್ಲಿ ಬೂಟಿಗೆ ಒರೆಸುಬಟ್ಟೆ ಕಟ್ಟಿಕೊಂಡು ಅಭ್ಯಾಸ ನಡೆಸಿದ್ದಾರೆ. ನನ್ನ ನೆಲ ಈಗ ತಮ್ಮ ಅರಮನೆಗಿಂತ ಚೆನ್ನಾಗಿ ಹೊಳೆಯುತ್ತಿದೆ. ಬೇಕಾದರೆ ಬಂದು ನೋಡಿ, ಟಿಕೆಟ್ ಇಲ್ಲ.

ಆದ್ದರಿಂದ ಶನಿವಾರ ಬೆಳಿಗ್ಗೆಯೊಳಗೆ ನೆಲಮಾಳಿಗೆಯ ಬೀಗ ತೆಗೆಸಿ. ಮದುವೆ ಮುಗಿದ ಮೇಲೆ ಅಷ್ಟೂ ಚಪ್ಪಲಿಗಳನ್ನು ನಾವೇ ಒಗೆದು ಒಣಗಿಸಿ ಕೊಡುತ್ತೇವೆ, ನೈರ್ಮಲ್ಯಕ್ಕೆ ಜಯವಾಗಲಿ. ನಿಯಮ ನಿಯಮವೇ ಎನ್ನುವಿರಾ? ನಿನ್ನೆ ತಮ್ಮ ಕಚೇರಿಗೆ ಒಂದು ತಟ್ಟೆ ಮದುವೆಯ ಕೊಲಾಚ್ ಕಳಿಸಿದ್ದೆ, ಗಸಗಸೆಯ ಹೂರಣದ ಸಿಹಿ ಬನ್ನುಗಳು. ತಟ್ಟೆ ಖಾಲಿಯಾಗಿ ವಾಪಸ್ ಬಂದಿದೆ. ಮದುವೆಗೆ ಮುಂಚೆ ಮನೆಮನೆಗೆ ಹಂಚುವ ಕೊಲಾಚ್ ತಿಂದವರು ಆ ಮದುವೆಗೆ ಅಡ್ಡ ಬರುವಂತಿಲ್ಲ. ಇದು ನಾನು ಕಟ್ಟಿದ ಕತೆಯಲ್ಲ, "ನಮ್ಮ ಸೀಮೆಯ ಪದ್ಧತಿಗಳು" ಎಂದು ತಮ್ಮದೇ ಎರಡನೆಯ ಕೋಣೆಯ ಗಾಜಿನ ಪೆಟ್ಟಿಗೆಯ ಮೇಲೆ ಬರೆದು ಹಾಕಿದ್ದೀರಿ.

ಇಂತಿ,
ತಮ್ಮ ನೆಲವನ್ನು ಬಾಲ್ಯದಿಂದ ಬಿಟ್ಟಿಯಾಗಿ ಒರೆಸಿಕೊಂಡು ಬಂದ,
ಇನ್ನೊಂದು ಸಂಜೆ ಜೋಡಿಯಾಗಿ ಒರೆಸಲು ಕಾತರಳಾಗಿರುವ
ಮದುಮಗಳು ಲಿಬುಶೆ ಹ್ರಾದಿಲೊವಾ