ನಿನ್ನ ಪಾಸು ಫ್ರಿಜ್ ಮೇಲಿದೆ

ಅಣ್ಣಾ,

ಸಂಸತ್ತಿಗೆ ಹೊರಟೆ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೋ. ಅಮ್ಮನಿಗೆ ಊಟ ಆದಮೇಲೆ ಮಾತ್ರೆ ಕೊಡು. ನಾನೆಲ್ಲಿ ಅಂತ ಕೇಳಿದರೆ ಹೊಲಿಗೆ ಅಂಗಡಿಗೆ ಹೋದಳು ಅನ್ನು. ಅಷ್ಟು ಮಾತಿಗೆ ನಿನ್ನ ಕೆಲಸವೇನೂ ಹೋಗಲ್ಲ.

ತಮ್ಮನನ್ನ ತಿಂದ ಮಿಲ್ಲಿನ ಬಾಯ್ಲರ್ ಬಗ್ಗೆ ಇವತ್ತು ಮಂತ್ರಿ ಉತ್ತರ ಕೊಡ್ತಾರಂತೆ. ಅದು ಸೋರ್ತಿದೆ ಅಂತ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದವನು ನೀನು. ವಿಚಾರಣೆಗೆ ಕರೆದಾಗ ಬಾಯಿಗೆ ಬೀಗ ಹಾಕ್ಕೊಂಡೆ, ಮೇಸ್ತ್ರಿಯಾಗಿ ಮನೆಗೆ ಬಂದೆ.

ಬರಹ ಇರೋ ಬಟ್ಟೆ ಹಾಕಿದವರನ್ನ ಅಲ್ಲಿ ಒಳಗೆ ಬಿಡಲ್ಲವಂತೆ. ಅದಕ್ಕೆ ತಮ್ಮನ ಅಂಗಿ ಜೇಬಿನ ಮೇಲೆ ಹೊಲಿದಿದ್ದ ಮಿಲ್ಲಿನ ಹೆಸರಿನ ದಾರ ಬಿಚ್ಚಿದೆ. ಕೆಳಗಿನ ಬಟ್ಟೆ ಮಾಸೇ ಇಲ್ಲ. ಹೆಸರು ಹಾಗೇ ಎದ್ದು ಕಾಣುತ್ತೆ. ಅದನ್ನೇ ಹಾಕ್ಕೊಂಡಿದ್ದೀನಿ. ಟೇಬಲ್ ಕೆಳಗೆ ಬಿದ್ದಿರೋ ದಾರ ನೀನೇ ಗುಡಿಸು.

ನಮ್ಮ ಸಂಸತ್ ಸದಸ್ಯರ ಕಚೇರಿಗೆ ಚಪ್ಪಲಿ ಸವೆಸಿ ನಿನಗೂ ಪಾಸು ಮಾಡಿಸಿದ್ದೆ. ನೀನು ರಜೆ ಇಲ್ಲ ಅಂದೆ. ಪಾಸು ಫ್ರಿಜ್ ಮೇಲಿದೆ, ಕಣ್ತುಂಬ ನೋಡ್ಕೋ. ಗ್ಯಾಲರಿಯಲ್ಲಿ ಕೂತವರು ತುಟಿ ಪಿಟಕ್ ಅನ್ನೋ ಹಾಗಿಲ್ಲ ಅಂತ ಅದರ ಹಿಂದೆ ಅಚ್ಚು ಹಾಕಿದ್ದಾರೆ. ನಿನಗಾದರೆ ಅಭ್ಯಾಸ ಇದೆ.

ನನಗಿಲ್ಲ. ಸಂಜೆ ಬರದಿದ್ದರೆ ಕಾಯಬೇಡ, ಬಾಗಿಲು ಹಾಕ್ಕೋ.