ರಿಮೋಟಿನ ಪ್ಲಾಸ್ಟಿಕ್ ಕವರು

ರೀ,

ನೀವು ತೀರಿಕೊಂಡ ಮೇಲೆ ನಮ್ಮ ನವ್ಯ ಒಂದು ಟ್ರಸ್ಟ್ ಶುರು ಮಾಡಿದ್ದಾಳೆ. ಆಸ್ಪತ್ರೆಯಲ್ಲಿ ಮಲಗಿರುವ ಮಕ್ಕಳಿಗೆ ಅವಳೂ ಅವಳ ಗೇಮ್ ಕಂಪನಿಯ ಗೆಳೆಯರೂ ಸೇರಿ ವಿಡಿಯೋ ಗೇಮ್ ಕೊಡುತ್ತಾರಂತೆ. ಆದರೆ ಪುಕ್ಕಟೆ ಕೊಟ್ಟರೂ ಯಾವ ಆಸ್ಪತ್ರೆಯವರೂ ಒಪ್ಪುತ್ತಿರಲಿಲ್ಲ.

ಹೋದ ವಾರ ವಿಕ್ಸಮ್ ಊರಿನಲ್ಲಿರುವ ಅವರ ಬಾಡಿಗೆ ಕೋಣೆಗೆ ಒಬ್ಬ ನರ್ಸ್ ಬಂದಿದ್ದರು; ನಾನೂ ಅಲ್ಲಿದ್ದೆ. ಕೈಯಲ್ಲಿ ಹಿಡಿದು ಆಡುವ ಸಾಮಾನಿನ ಗುಂಡಿಗಳ ಸಂದಿಯಲ್ಲಿ ಕೊಳೆ ಕೂರುತ್ತದೆ, ಒರೆಸಲು ಆಗುವುದಿಲ್ಲ ಎಂದು ಅವರೂ ಹೊರಡಲು ಎದ್ದರು. ನವ್ಯಳ ಮುಖ ನೋಡಲಾಗಲಿಲ್ಲ. ವೆಂಕಟರಮಣನನ್ನು ನೆನೆದು, ಪ್ರಸಾದ ಹಂಚಲು ಒಯ್ದಿದ್ದ ಹೊಸ ಪ್ಲಾಸ್ಟಿಕ್ ಚೀಲವೊಂದನ್ನು ಆ ಆಟದ ಸಾಮಾನಿಗೆ ಬಿಗಿಯಾಗಿ ಸುತ್ತಿ ಟೇಪ್ ಅಂಟಿಸಿದೆ.

"ಅಮ್ಮಾ, ಪ್ಲೀಸ್, ಮಾನ ಕಳೀಬೇಡ!"

ನರ್ಸ್ ಗುಂಡಿ ಒತ್ತಿ ನೋಡಿದರು, ಒರೆಸಿ ನೋಡಿದರು. ಹೀಗೆ ಸುತ್ತಿದರೆ ಹತ್ತು ತೆಗೆದುಕೊಳ್ಳುತ್ತೇವೆ ಎಂದರು.

"ಥೇಟ್ ಅಪ್ಪನ ರಿಮೋಟು!" ಎಂದು ನವ್ಯ ನಕ್ಕಳು.

ಕಾರ್ ಕಂಪನಿಯ ಕೆಲಸ ಬಿಟ್ಟಳೆಂದು ನೀವು ಮಾತು ಬಿಟ್ಟ ಮೇಲೆ, ಅವಳ ಬಾಯಲ್ಲಿ 'ಅಪ್ಪ' ಎಂಬ ಮಾತು ಕೇಳಿದ್ದು ಅವತ್ತೇ.

ಸಂಜೆ ಮನೆಗೆ ಬಂದು, ಮಾದರಿಗೆ ಬೇಕೆಂದು, ನೀವು ಪ್ಲಾಸ್ಟಿಕ್ ಕವರು ಸುತ್ತಿ ಟೇಪ್ ಹಚ್ಚಿಟ್ಟಿದ್ದ ಟಿ.ವಿ. ರಿಮೋಟ್ ಒಯ್ದಳು. ಹತ್ತೂ ಆಸ್ಪತ್ರೆ ಸೇರಿದವು; ಅದು ಮಾತ್ರ ಅವಳ ಮೇಜಿನ ಮೇಲೇ ಇದೆ. ನಾನು ವಾಪಸ್ ಕೇಳಿಲ್ಲ. ಟಿ.ವಿ. ಹಾಕಬೇಕಾದಾಗಲೆಲ್ಲ ಈಗ ನಾನೇ ಎದ್ದು ಹೋಗುತ್ತೇನೆ.