ಓರೆಗೆ ತೋಡಿದ ಗುಂಡಿ

ಉದ್ದನಪಲ್ಲಿ
19-3-1984, ಸೋಮವಾರ

ನನ್ನಪ್ಪಾ ಚಿನ್ನಸ್ವಾಮಿ,

ಹೇಗಿದ್ದೀಯ? ಆ ತಿರುನೆಲ್ವೇಲಿ ಬಿಸಿಲಿಗೆ ನಿನ್ನ ಮೂಗಿನಲ್ಲಿ ರಕ್ತ ಬರೋದು ನಿಂತಿತಾ? ಸೊಗದೆ ಬೇರು ನೆನೆಹಾಕಿ ಆ ನೀರು ಕುಡಿ. ಅಲ್ಲಿ ಅದಕ್ಕೆ ನನ್ನಾರಿ ಅಂತಾರಂತೆ, ಅಂಗಡಿಯಲ್ಲಿ ಹಾಗೇ ಕೇಳು. ಮುದ್ದೆ ಸಿಗಲ್ಲ ಅಂತ ಮೂರು ಹೊತ್ತೂ ಬರೀ ಅನ್ನ ತಿಂದು ಊದಿಕೊಳ್ಳಬೇಡ. ನಾನು ಚೆನ್ನಾಗಿದ್ದೀನಿ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳಲ್ಲ, ಹೊತ್ತಿಗೆ ಸರಿಯಾಗಿ ಬರಲ್ಲ. ಯಾರ ಹಾಗೆ ಅಂತ ಬರೆಯೋಣ ಅಂತಿದ್ದೆ, ಬೇಡ ಬಿಡು. ಈ ವರ್ಷ ಹುಣಸೆ ಕಾಯಿ ದಂಡಿಯಾಗಿ ಕಚ್ಚಿದೆ. ಗುತ್ತಿಗೆ ಹಿಡಿದ ಮರಗಳೆಲ್ಲ ಬಡಿಸಿ ಆಯಿತು, ಇನ್ನು ಬೀಜ ಬಿಡಿಸೋದು ಬಾಕಿ. ಮೂಟೆ ಮೇಲೆ ತೂಕ ಬರೆಯೋದಕ್ಕೆ ಕಲಿತ ಅಕ್ಷರ ನಂದು, ಸಾಲು ಓರೆ ಹೋದರೆ ನಗಬೇಡ.

ನಿಮ್ಮಪ್ಪನನ್ನು ಮಣ್ಣು ಮಾಡಿದ್ದಕ್ಕೆ ಎಷ್ಟಾಯಿತು, ಮನಿಯಾರ್ಡರ್ ಮಾಡ್ತೀನಿ ಅಂತ ಬರೆದಿದ್ದೀಯ. ಕೇಳಿಸಿಕೋ. ಗುಂಡಿ ಒಂದು, ತೋಡಿಸಿದ್ದು ಮೂರು ಸಲ. ಹಾಲು ಅರ್ಧ ಸೇರು, ತುಪ್ಪ ಒಂದು ಚಟಾಕು, ಎರಡೂ ಬೇಡ ಅಂದವರ ತಲೆ ಮೇಲೆ ಸುರಿದದ್ದು. ತಾಲೂಕು ಕಚೇರಿ ಜಗಲಿ ಮೇಲೆ ಕೂತು ಕಳೆದುಕೊಂಡ ಸಂತೆ ನಾಲ್ಕು. ಸುಳ್ಳು ಎರಡು, ಎರಡೂ ಚಿಕ್ಕವು. ಸೈನು ಒಂದು, ಅದು ದೊಡ್ಡದು. ಇಷ್ಟನ್ನೂ ಮನಿಯಾರ್ಡರ್ ಫಾರಮ್ಮಿನಲ್ಲಿ ತುಂಬೋಕೆ ಆಗಲ್ಲ ಕಣಪ್ಪ. ದುಡ್ಡು ನೀನೇ ಇಟ್ಟುಕೋ, ಒಂದು ಒಳ್ಳೆ ಚಪ್ಪಲಿ ತಗೋ.

ನೀನು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದೆ, ನಿಮ್ಮಪ್ಪ ಪ್ರಾರ್ಥನೆಗೆ ಹೋಗೋಕೆ ಶುರು ಮಾಡಿದ್ದು ಹೇಗೆ ಅನ್ನೋದು ನಿನಗೆ ಸರಿಯಾಗಿ ಗೊತ್ತಿಲ್ಲ. ಊರಿನವರು ಹೇಳೋ ಹಾಗೆ ಹಾಲಿನ ಪುಡಿಗೂ ಅಲ್ಲ, ಗೋಧಿ ಮೂಟೆಗೂ ಅಲ್ಲ. ಹಾಗೇನಾದರೂ ಸಿಕ್ಕಿದ್ದರೆ ನನ್ನ ಕಣ್ಣು ತಪ್ಪಿಸಿ ಮನೆಯೊಳಗೆ ಬರುತ್ತಿತ್ತಾ? ಕೆಮ್ಮಿಗೆ ಅಂತ ಮಿಷನ್ ಆಸ್ಪತ್ರೆಗೆ ಸೇರಿಸಿದ್ದೆವಲ್ಲ, ಅಲ್ಲಿ ಒಬ್ಬಳು ನರ್ಸಮ್ಮ ಚೀಟಿ ನೋಡಿಕೊಂಡು ‘ಪಾಪಯ್ಯನವರೇ, ಬನ್ನಿ, ಕುರ್ಚಿ ಮೇಲೆ ಕೂತ್ಕೊಳ್ಳಿ’ ಅಂದಳಂತೆ. ಇವರು ಹಿಂದೆ ತಿರುಗಿ ನೋಡಿದರಂತೆ, ಬೇರೆ ಯಾರೋ ಪಾಪಯ್ಯ ಇರಬೇಕು ಅಂತ. ಐವತ್ತು ದಾಟಿದ ಮನುಷ್ಯನನ್ನು ಅಲ್ಲಿಯವರೆಗೆ ಮೇಲುಕೇರಿಯ ಮೊಲೆ ಕುಡಿಯೋ ಮಗುವೂ ‘ಲೇ ಪಾಪ’ ಅಂತ ಕರೆದದ್ದೇ. ಮನೆಗೆ ಬಂದು ಅದನ್ನೇ ಹೇಳಿದರು, ಹೊರಳಿಸಿ ಹೊರಳಿಸಿ ಹೇಳಿದರು. ‘ಅವರೇ ಅನ್ನಿಸಿಕೊಳ್ಳೋಕೆ ದೇವರನ್ನ ಬದಲಾಯಿಸಬೇಕಾ? ನಾನೇ ಅಂತೀನಿ ತಗೋ, ಪಾಪಯ್ಯನೋರೇ, ಮುದ್ದೆ ತಿನ್ನಿ’ ಅಂತ ಹಂಗಿಸಿದೆ. ನಕ್ಕರು. ಆದರೆ ಮುಂದಿನ ಭಾನುವಾರ ಹೊರಟೇ ಬಿಟ್ಟರು.

ಆಮೇಲೆ ಕೆರೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ಪ್ರಾರ್ಥನೆ ಸಭೆಯ ಉಪದೇಶಿ ಜ್ಞಾನಪ್ರಕಾಶಂ ಹೆಸರು ಬದಲಾಯಿಸೋಣ ಅಂದರು, ‘ಪಾಪ ಎಲ್ಲ ನೀರಲ್ಲಿ ಹೋಯಿತಲ್ಲ, ಇನ್ನು ಪೌಲಯ್ಯ ಅಂತಿರಲಿ’ ಅಂತ. ‘ಬ್ಯಾಡಿ ಅಯ್ಯಾ, ಹೆಸರು ಬದಲಾದ್ರೆ ನನ್ನ ಎಂಡ್ತಿ ಯಾರನ್ನ ಬೈಬೇಕು?’ ಅಂದರಂತೆ ನಿಮ್ಮಪ್ಪ. ಹಾಗಾಗಿ ಕೊನೆಯವರೆಗೂ ಪಾಪಯ್ಯನಾಗೇ ಉಳಿದರು. ಬೀಡಿ ಬಿಟ್ಟರು, ಹೆಂಡ ಬಿಟ್ಟರು, ನನ್ನ ಮೇಲೆ ಕೈ ಎತ್ತೋದನ್ನೂ ಬಿಟ್ಟರು. ನಾನು ಮಾತ್ರ ಮುನೇಶ್ವರನನ್ನು ಬಿಡಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ದೇವರು ಇದ್ದರು, ಜಗಳ ಆಡಿದ್ದು ನಾವೇ ಹೊರತು ಅವರಲ್ಲ.

ಸಂಕ್ರಾಂತಿ ಮುಗಿದ ಮೇಲೆ ಅವರು ಹಾಸಿಗೆ ಹಿಡಿದರು. ಒಂದು ಸಂಜೆ ನನ್ನ ಕೈ ಹಿಡಿದುಕೊಂಡು, ‘ಗಂಗೀ, ನನ್ನ ತಲೆ ಪಡುವಲಿಗೆ ಇಡು. ಎದ್ದು ಕೂತಾಗ ಸೂರ್ಯ ಹುಟ್ಟೋ ಕಡೆ ಮುಖ ಇರಬೇಕು. ಹಾಲುತುಪ್ಪ ಬ್ಯಾಡ, ಒಂದು ಹಾಡು ಸಾಕು’ ಅಂದರು. ಆಗಲಿ ಅಂದೆ. ಅದೇ ವಾರ ನಿನ್ನ ಕಾಗದ ಬಂತು. ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದಾರೆ, ನಿಮ್ಮ ಮನೆಯವರೆಲ್ಲ ಕ್ರೈಸ್ತರು, ನಿನ್ನ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ಸುಳ್ಳು ಅಂತ, ಸರ್ಕಾರಿ ಕೆಲಸದ ಪ್ರೊಬೇಷನ್ ಮುಗಿಯೋದರೊಳಗೆ ಊರಿಗೇ ಬಂದು ವಿಚಾರಣೆ ಮಾಡ್ತಾರೆ, ಅಪ್ಪನ ವಿಷಯ ಬಾಯಿ ಬಿಡಬೇಡ ಅಂತ. ಇಂಥ ಅರ್ಜಿಗೆ ತಮಿಳಿನವರು ಮೊಟ್ಟೈ ಕಡಿದಾಸಿ ಅಂತಾರೆ, ಬೋಳು ಕಾಗದ. ಬೋಳಾಗಿದ್ದು ಕಾಗದ, ಕೂದಲು ಹೋಗೋದು ನಮ್ಮದು. ಒಂದು ಕಿವಿಯಲ್ಲಿ ಗಂಡನ ಮಾತು, ಇನ್ನೊಂದರಲ್ಲಿ ಮಗನ ಕಾಗದ. ತಕ್ಕಡಿ ಹಿಡಿದು ಇಪ್ಪತ್ತು ವರ್ಷ ಆಯಿತು ನನಗೆ, ಎರಡೂ ತಟ್ಟೆಯಲ್ಲಿ ನನ್ನದೇ ಮಾಂಸ ಇಟ್ಟು ತೂಗಿದ್ದು ಅದೇ ಮೊದಲು.

ಅವರು ಹೋದ ದಿನ ಕೊಂಡಪ್ಪ ಗುಂಡಿ ತೋಡೋಕೆ ಗುದ್ದಲಿ ತಗೊಂಡು ಬಂದ. ಕೇಳದೇ ತೆಂಕಲಿಗೆ ತಲೆ ಬರೋ ಹಾಗೆ ಶುರು ಮಾಡಿದ, ನಮ್ಮ ಹಿರಿಯರೆಲ್ಲ ಹಾಗೇ ಮಲಗಿರೋದಲ್ಲವಾ. ಮೊಣಕಾಲುದ್ದ ಆದ ಮೇಲೆ ನಾನು ಹೋಗಿ ತಡೆದೆ, ಪಡುವಲಿಗೆ ತಿರುಗಿಸು ಅಂದೆ. ಅವನು ತಿರುಗಿಸಿದ. ಅಷ್ಟರಲ್ಲಿ ನಮ್ಮ ಕೇರಿಯ ಯಜಮಾನರು, ಮುತ್ತರಾಯಪ್ಪ ಮಾವ, ಕೋಲೂರಿಕೊಂಡು ಬಂದರು. ‘ಏನಮ್ಮೀ ಇದು? ಪಾಪಯ್ಯ ಯಾರಿಗೆ ಬೇಕಾದ್ರೂ ಕೈ ಮುಗೀಲಿ, ನಾನು ಯಾವತ್ತೂ ಕೇಳಿಲ್ಲ. ಆದ್ರೆ ಅವನ ಅಪ್ಪ, ತಾತ ಎಲ್ಲಾ ಉದ್ದುದ್ದ ಮಲಗವ್ರೆ, ಇವನೊಬ್ಬ ಅಡ್ಡ ಮಲಗಿದ್ರೆ ಹಿರೀಕರನ್ನ ಒದ್ದಂಗಾಯ್ತದೆ. ನಮ್ಮ ಮಣ್ಣಲ್ಲಿ ಆಗಾಕಿಲ್ಲ’ ಅಂದರು. ಅವರ ಮಾತಲ್ಲಿ ಕೆಟ್ಟತನ ಇರಲಿಲ್ಲ, ಅದೇ ಕಷ್ಟ. ಉಪದೇಶಿ ಒಂದು ಪಕ್ಕ ಪುಸ್ತಕ ಹಿಡಿದುಕೊಂಡು ನಿಂತಿದ್ದರು. ಅವರ ಸಭೆಗೆ ಇಲ್ಲಿ ಸ್ವಂತ ಮಣ್ಣಿಲ್ಲ, ಇರೋದು ಅಷ್ಟು ದೂರದ ಕೃಷ್ಣಗಿರಿಯಲ್ಲಿ. ಅಲ್ಲಿಗೆ ಒಯ್ದರೆ ಸುತ್ತಲಿನ ಏಳು ಹಳ್ಳಿಗೂ ಗೊತ್ತಾಗುತ್ತೆ, ನಿನ್ನ ಸರ್ಟಿಫಿಕೇಟಿನ ಕಥೆ ಅಲ್ಲಿಗೆ ಮುಗಿಯಿತು.

ಹೆಣ ಬಿಸಿಲಲ್ಲಿತ್ತು. ನಾನು ಹೇಳಿದೆ, ಓರೆಗೆ ತೋಡು ಅಂತ. ತಲೆ ನೈರುತ್ಯಕ್ಕೆ, ಅತ್ತ ತೆಂಕಲೂ ಅಲ್ಲ ಇತ್ತ ಪಡುವಲೂ ಅಲ್ಲ. ಕೊಂಡಪ್ಪ ಗುದ್ದಲಿ ಕೆಳಗೆ ಹಾಕಿದ. ‘ಅಕ್ಕಾ, ನನ್ ಜಲ್ಮದಾಗೆ ಓರೆ ಗುಂಡಿ ತೋಡಿಲ್ಲ. ಹೆಣಕ್ಕೆ ದಿಕ್ಕು ತಪ್ತದೆ.’ ‘ಬದುಕಿದ್ದಾಗಲೇ ಊರು ತುಂಬ ದಿಕ್ಕು ತೋರಿಸೋರಿದ್ರು, ಇನ್ನು ತಪ್ಪಲಿ ಬಿಡು. ತೋಡ್ಲಾ’ ಅಂದೆ. ಮಾವನ ಹತ್ತಿರ ಹೋಗಿ, ತೆಂಕಲೇ ಮಾವ, ಕೆಳಗೆ ಬಂಡೆ ಸಿಕ್ತು, ಒಂಚೂರು ಜರುಗಿದೆ ಅಂದೆ. ಉಪದೇಶಿ ಹತ್ತಿರ ಹೋಗಿ, ಪಡುವಲೇ ಸ್ವಾಮಿ, ಬೇರು ಅಡ್ಡ ಬಂತು ಅಂದೆ. ಅವೇ ಆ ಎರಡು ಚಿಕ್ಕ ಸುಳ್ಳು. ಒಂದೇ ಮರದ ಹಣ್ಣನ್ನು ಎರಡು ಮಂಡಿಗೆ ಎರಡು ಹೆಸರು ಹೇಳಿ ಮಾರಿದವಳು ನಾನು, ಆ ವಿದ್ಯೆ ಗಂಡನ ಹೆಣಕ್ಕೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಇಬ್ಬರೂ ತಲೆ ಆಡಿಸಿದರು. ಹಾಡು ಹಾಡಿದ್ದು ಮೆಲ್ಲಗೆ, ಮಣ್ಣು ಹಾಕಿದ್ದು ಬೇಗ.

ನೀನು ಬರಲಿಲ್ಲ. ತಂತಿ ಸೇರಿತ್ತು, ಆಮೇಲೆ ನಿನ್ನ ಕಾಗದ ಬಂತು. ‘ಅಮ್ಮಾ, ನಾನು ಬಂದರೆ ಯಾವ ಕಡೆ ನಿಲ್ಲಲಿ? ಹಾಡೋರ ಜೊತೆ ನಿಂತರೆ ಕೆಲಸ ಹೋಗುತ್ತೆ, ಕೇರಿಯ ಹಿರಿಯರ ಜೊತೆ ನಿಂತರೆ ಅಪ್ಪನಿಗೆ ದ್ರೋಹ ಆಗುತ್ತೆ’ ಅಂತ ಬರೆದಿದ್ದೆ. ನಿಜ ಬರೆದೆ ಅಂತ ನಾನು ಬೈಯಲಿಲ್ಲ. ನೀನು ಓದಿದವನು, ಕಾಯಿದೆಯ ಪುಸ್ತಕದಲ್ಲಿ ಯಾರು ಯಾವ ದೇವರನ್ನಾದರೂ ನಂಬಬಹುದು ಅಂತ ಬರೆದಿದೆ ಅಂತ ನೀನೇ ನಿಮ್ಮಪ್ಪನಿಗೆ ಓದಿ ಹೇಳಿದ್ದೆ. ಅದರ ಹಿಂದಿನ ಪುಟದಲ್ಲಿ, ಯೇಸುವನ್ನು ನಂಬಿದರೆ ಪರಿಶಿಷ್ಟ ಜಾತಿಯ ಸವಲತ್ತು ಹೋಗುತ್ತೆ ಅಂತ ಇನ್ನೊಂದು ಬರೆದಿದೆ ಅನ್ನೋದನ್ನ ನಾವು ಅನುಭವಿಸಿ ಓದಿಕೊಂಡೆವು.

ವಿಚಾರಣೆಗೆ ರೆವಿನ್ಯೂ ಇನ್ಸ್‌ಪೆಕ್ಟರು, ಅದೇ ಆರ್.ಐ., ಬಂದದ್ದು ಹದಿನೈದು ದಿನದ ಮೇಲೆ. ಕೆಟ್ಟ ಮನುಷ್ಯನಲ್ಲ ಪಾಪ, ತಮಿಳಿನವರು, ಮಜ್ಜಿಗೆ ಕೊಟ್ಟರೆ ಲೋಟ ತಾವೇ ತೊಳೆದಿಟ್ಟರು. ‘ಭಯಪ್ಪಡಾದೀಂಗಮ್ಮಾ, ಹೆದರಬೇಡಿ, ನಮ್ಮ ದೇಶದಲ್ಲಿ ಇದಕ್ಕೆಲ್ಲ ಶಿಕ್ಷೆ ಇಲ್ಲ. ಎಷ್ಟೋ ದೇಶಗಳಲ್ಲಿ ಪ್ರಾರ್ಥನೆ ಮಾಡಿದರೆ ಜೈಲಂತೆ, ಪುಸ್ತಕ ಸಿಕ್ಕರೆ ಜೈಲಂತೆ, ಧರ್ಮ ಬಿಟ್ಟರೆ ತಲೆಯನ್ನೇ ತೆಗೀತಾರಂತೆ. ಇಲ್ಲಿ ಹಾಗಲ್ಲ, ಇಲ್ಲಿ ಎಲ್ಲರಿಗೂ ಸ್ವಾತಂತ್ರ್ಯ’ ಅಂದರು. ‘ಹೌದು ಸ್ವಾಮಿ, ಇಲ್ಲಿ ತಲೆ ತೆಗೆಯಲ್ಲ. ತಲೆ ಯಾವ ಕಡೆ ಇಟ್ರಿ ಅಂತ ಮಾತ್ರ ಕೇಳ್ತಾರೆ’ ಅಂದೆ. ಅವರಿಗೆ ನಗು ಬಂತು, ಆದರೂ ಕೇಳಿದರು. ಕೇಳೋದೇ ಅವರ ಕೆಲಸ. ಗುಂಡಿ ಹತ್ತಿರ ಹೋಗಿ ನಿಂತು, ಸೂರ್ಯನನ್ನ ನೋಡಿ, ಗುಂಡಿಯನ್ನ ನೋಡಿ, ಪೆನ್ನು ತೆಗೆದು, ಮತ್ತೆ ಜೇಬಿಗೆ ಇಟ್ಟುಕೊಂಡರು. ಅವರ ಫಾರಮ್ಮಿನಲ್ಲಿ ಓರೆಗೆ ಜಾಗ ಇರಲಿಲ್ಲ. ಕೊನೆಗೆ, ‘ಮೂರನೇ ದಿನ ಹಾಲುತುಪ್ಪ ಬಿಟ್ಟಿರಾ?’ ಅಂತ ಕೇಳಿದರು. ನಾನು ಬಿಟ್ಟಿರಲಿಲ್ಲ. ಮಾವನ ಮುಖ ನೋಡಿದೆ ಕಣೋ ಮಗಾ. ಮುತ್ತರಾಯಪ್ಪ ಮಾವ ಮುಂದೆ ಬಂದು, ‘ಗುಂಡಿ ಹತ್ರ ಬಂಡೆ ಕೆಲ್ಸ ಬಾಕಿ ಇತ್ತು ಸಾಮಿ, ಅದ್ಕೇ ತಡ ಆಯ್ತು. ಇವತ್ತೇ ಬಿಡ್ತೀವಿ, ಕೂತ್ಕೊಂಡು ನೋಡಿ’ ಅಂದರು. ನಿನ್ನ ಕೆಲಸ ಉಳಿಸಿದ್ದು ಆ ಮುದುಕ. ನಿಮ್ಮಪ್ಪನನ್ನು ಅಡ್ಡ ಮಲಗೋಕೆ ಬಿಡದಿದ್ದ ಅದೇ ಮುದುಕ.

ಪಕ್ಕದ ಮುನಿಯಪ್ಪನ ಮನೆಯಿಂದ ಹಾಲು ತಂದರು, ತುಪ್ಪ ನಮ್ಮಲ್ಲೇ ಇತ್ತು. ಎಲ್ಲರೂ ಸುತ್ತ ನಿಂತರು. ನಾನು ತಲೆ ಇರೋ ಕಡೆ ಕೂತು ಸುರಿದೆ. ಸುರೀತಾ, ಯಾರಿಗೂ ಕೇಳದ ಹಾಗೆ ಹೇಳಿದೆ: ‘ಕುಡೀಬ್ಯಾಡಿ ಪಾಪಯ್ಯನೋರೇ. ಇದು ನಿಮಗಲ್ಲ, ಆರ್.ಐ.ಗೆ.’ ಅವರನ್ನು ಹಂಗಿಸದೇ ‘ನೋರೇ’ ಅಂತ ಕರೆದದ್ದು ಅದೊಂದೇ ಸಲ. ಅವರು ಅದನ್ನ ಕೇಳೋಕೆ ಇರಲಿಲ್ಲ.

ಆಮೇಲೆ ತಾಲೂಕು ಕಚೇರಿಗೆ ನಾಲ್ಕು ಗುರುವಾರ ಸಂತೆ ಬಿಟ್ಟು ಅಲೆದು ಸೈನು ಹಾಕಿದೆ. ತಮಿಳಿನಲ್ಲಿ ಬರೆದದ್ದನ್ನ ಗುಮಾಸ್ತ ಓದಿ ಹೇಳಿದ, ‘ನನ್ನ ಗಂಡ ಪಾಪಯ್ಯ ಹುಟ್ಟಿನಿಂದ ಸಾವಿನವರೆಗೆ ಹಿಂದೂವಾಗಿಯೇ ಇದ್ದ’ ಅಂತ. ಇದ್ದ, ಅಂತ. ‘ಇದ್ದರು ಅಂತ ಬರೀರಿ’ ಅಂದೆ. ಫಾರಮ್ಮಿನಲ್ಲಿ ಹಾಗೆಲ್ಲ ಬರಲ್ಲಮ್ಮ ಅಂದ. ಕನ್ನಡದಲ್ಲಿ ನನ್ನ ಹೆಸರು ಬರೆದು ಎದ್ದು ಬಂದೆ.

ಈಗ ಸಭೆಯವರು ಹಾಲುತುಪ್ಪದ ಸುದ್ದಿ ಕೇಳಿ ಮಂಕಾಗಿದ್ದಾರೆ. ತೀರಿಹೋದವರ ಹೆಸರು ಓದೋ ಭಾನುವಾರ ಇವರ ಹೆಸರು ಓದಲಿಲ್ಲ. ಉಪದೇಶಿ ಮನೆಗೆ ಬಂದು, ಹಿಂದೂ ಅಂತ ನೀವೇ ಬರೆದುಕೊಟ್ಟ ಮೇಲೆ ಹೇಗಮ್ಮ ಓದಲಿ ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು. ನಮ್ಮವರು ಓರೆ ಗುಂಡಿ ಅಪಶಕುನ ಅಂತ ಆ ಕಡೆ ಹೋಗಲ್ಲ, ಎಡೆ ಇಡಲ್ಲ. ಎರಡು ಕಡೆಗೂ ಸಲ್ಲಲಿ ಅಂತ ನಾನು ತೋಡಿಸಿದೆ, ಎರಡು ಕಡೆಗೂ ಸಲ್ಲದೇ ಹೋಯಿತು. ವ್ಯಾಪಾರದಲ್ಲಿ ನಾನು ಇಷ್ಟು ಮೋಸಹೋದದ್ದಿಲ್ಲ.

ಕೆಲಸ ಖಾಯಂ ಆಯಿತು ಅಂತ ಬರೆದೆ, ಸಂತೋಷ. ಹೊತ್ತಿಗೆ ಸರಿಯಾಗಿ ಉಣ್ಣು, ದೊಡ್ಡವರ ಕಣ್ಣಿಗೆ ಬೀಳದ ಹಾಗೆ ನಡಕೋ. ನಿನ್ನ ಕೂದಲೂ ಕೊಂಕದ ಹಾಗೆ ಕಾಯೋ ಅಂತ ಮುನೇಶ್ವರನಿಗೆ ಹೇಳಿದ್ದೀನಿ. ನಿಮ್ಮಪ್ಪನ ಯೇಸುವಿಗೂ ಹೇಳಿದ್ದೀನಿ, ಅವನಿಗೆ ನಮ್ಮ ಮೇಲೆ ಕೋಪ ಇರದಿದ್ದರೆ.

ನಿನ್ನ ಹಡೆದ
ಮುನಿಗಂಗಮ್ಮ

ಬರೆಯೋದು ಮರೆತೆ, ಪೋಸ್ಟಿನವನು ಬಾಗಿಲಲ್ಲೇ ನಿಂತಿದ್ದಾನೆ. ಬೆಳಗ್ಗೆ ಗುಂಡಿ ಹತ್ತಿರ ಹೋಗಿದ್ದೆ. ಬಿಸಿಲು ಅವರ ಬಲಗೆನ್ನೆಗೆ ಬೀಳೋ ಹಾಗಿದೆ. ಕೊಂಡಪ್ಪ ಹೇಳ್ತಾನೆ, ಬೇಸಿಗೆ ಬಲಿತ ಹಾಗೆ ಸೂರ್ಯ ಬಡಗಲಿಗೆ ಸರಿದು ಹುಟ್ಟುತ್ತಾನಂತೆ, ಮುಖದ ಕಡೆಗೇ ಬರುತ್ತಾನಂತೆ. ಅಷ್ಟು ದೂರದವನೇ ಬರುತ್ತಾನೆ. ಯಾವ ಕಡೆ ನಿಲ್ಲಲಿ ಅಂದಿದ್ದೆಯಲ್ಲ, ಈಗ ಅಲ್ಲಿ ಯಾವ ಕಡೆಯವರೂ ಇಲ್ಲ, ಜಾಗ ಬೇಕಾದಷ್ಟಿದೆ. ನೀನೂ ಓರೆಗೇ ನಿಲ್ಲು. ನನ್ನ ಗುಂಡಿಯನ್ನೂ ಅದರ ಪಕ್ಕ ಅದೇ ಓರೆಗೆ ತೋಡು ಅಂತ ಕೊಂಡಪ್ಪನಿಗೆ ಹೇಳಿಟ್ಟಿದ್ದೀನಿ. ಯಾರಿಗೆ ಏನು ಸಿಕ್ಕಿತು ಅಂದರೆ ಇಷ್ಟೇ. ಆರ್.ಐ.ಗೆ ಒಂದು ವರದಿ. ಮಾವನಿಗೆ ಅವರ ಹಿರೀಕರ ಮರ್ಯಾದೆ. ಬೋಳು ಕಾಗದದವನಿಗೆ ಏನೂ ಇಲ್ಲ. ನಿನಗೆ ಕೆಲಸ. ನಿಮ್ಮಪ್ಪನವರಿಗೆ ಆರಡಿ ಮಣ್ಣು. ನನ್ನ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ. ನೀನು ಬಂದ ದಿನ ಬರೆದುಕೊಳ್ತೀನಿ.